ತರಿ ಎಡಕ್ಕೆ, ಖುಷ್ಕಿ ಬಲಕ್ಕೆ

ಹೋದ ತಿಂಗಳು ಆನವಟ್ಟಿಯಲ್ಲಿ ಕಣ್ಣೆದುರೇ ಬಸ್ಸು ತಪ್ಪಿತು. ಮುಂದಿನದಕ್ಕೆ ಮುಕ್ಕಾಲು ಗಂಟೆ ಕಾಯಬೇಕೆಂದರು. ಸ್ಟ್ಯಾಂಡಿನಲ್ಲಿ ನಿಂತು ಕಂಡಕ್ಟರನನ್ನು ಮನಸ್ಸಿನಲ್ಲೇ ಬೈಯುವುದಕ್ಕಿಂತ ನಾಲ್ಕು ಹೆಜ್ಜೆ ನಡೆಯುವುದು ಮೇಲು ಅನ್ನಿಸಿ ಹಳೆಯ ದಾರಿ ಹಿಡಿದೆ. ರೈತರ ಸಂಘದ ಗೋದಾಮಿನ ಬಾಗಿಲು ತೆರೆದಿತ್ತು. ಒಳಗಿನಿಂದ ಗೋಣಿಚೀಲದ ವಾಸನೆ, ಅದರ ಜೊತೆ ಬಿತ್ತನೆ ಬೀಜಕ್ಕೆ ಸವರುವ ಔಷಧಿ ಪುಡಿಯ ಘಾಟು ಬಂತು. ಮೂಗಿಗೆ ಹತ್ತಿದ ಕೂಡಲೇ ನನಗೆ ಸಿಟ್ಟು ಬಂತು. ಇಪ್ಪತ್ತೈದು ವರ್ಷ ದಾಟಿದ ಸಿಟ್ಟು ಅದು, ಆದರೆ ಒಂದು ಚೂರೂ ಹಳಸಿರಲಿಲ್ಲ.

ಒಳಗೆ ಇಣುಕಿದೆ. ಚೀಲಗಳ ಪ್ರತಿ ಸಾಲಿನ ಮುಂದೆ ಒಂದೊಂದು ಹಲಗೆ, ಹಲಗೆಯ ಮೇಲೆ ಕೆಂಪು ಬಣ್ಣದ ದಪ್ಪ ಅಕ್ಷರ. ಎಡಗಡೆ ‘ತರಿ – ಭತ್ತ’, ಬಲಗಡೆ ‘ಖುಷ್ಕಿ – ಮೆಕ್ಕೆಜೋಳ’. ತಕ್ಕಡಿಯ ಮೇಲಿನ ಗೋಡೆಗೆ ‘ತಕ್ಕಡಿ’ ಎಂದು ಬರೆದಿತ್ತು. ಮೂಲೆಯಲ್ಲಿ ಬಿದ್ದಿದ್ದ ಹರಕು ಚೀಲಗಳ ರಾಶಿಗೂ ‘ಖಾಲಿ ಚೀಲ’ ಎಂಬ ಹಲಗೆ. ತಕ್ಕಡಿಯನ್ನು ನೋಡಿ ಅದು ತಕ್ಕಡಿ ಎಂದು ತಿಳಿಯದವರು ಯಾರಿದ್ದಾರೆ? ಲೆಕ್ಕ ಬರೆಯುತ್ತಿದ್ದವರನ್ನು ಕೇಳಿದೆ. ಹಿಂದೆ ಬಸವಣ್ಯಪ್ಪ ಅಂತ ಒಬ್ಬರು ಗೋದಾಮು ನೋಡಿಕೊಳ್ಳುತ್ತಿದ್ದರು, ಅವರ ಕಾಲದ್ದು, ಬಣ್ಣ ಮಾಸಿದರೆ ನಾವು ಅದರ ಮೇಲೇ ತಿದ್ದುತ್ತೇವೆ ಎಂದರು. ನಾನು ಅಲ್ಲೇ ಒಂದು ಚೀಲದ ಮೇಲೆ ಕುಳಿತುಬಿಟ್ಟೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತಮೂರು. ಶಿಕಾರಿಪುರದಲ್ಲಿ ನಮ್ಮ ಸೋದರಮಾವನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಅದಕ್ಕೊಂದು ಹೂವಿನ ಕವರು, ಅದರ ಮುಂದೆ ನಾನು. ಶಿವಮೊಗ್ಗದಲ್ಲಿ ಕಲಿತು ಬಂದದ್ದನ್ನು ಇಡೀ ತಾಲ್ಲೂಕಿಗೆ ಹಂಚಲು ಹೊರಟವಳಂತೆ ಗತ್ತಿನಲ್ಲಿದ್ದೆ. ಆಗ ಈ ಸಂಘದ ಕಾರ್ಯದರ್ಶಿ ಶೇಖರಪ್ಪನವರು ಬಂದು ಒಂದು ಕೆಲಸ ಒಪ್ಪಿಸಿದರು. ಸಂಘದ ಮುಖ್ಯ ಕಚೇರಿ ಶಿಕಾರಿಪುರದಲ್ಲಿ, ಶಾಖೆ ಆನವಟ್ಟಿಯಲ್ಲಿ. ಎರಡೂ ಕಡೆ ಒಂದೊಂದು ಕಂಪ್ಯೂಟರು ತರಿಸಿಯಾಗಿತ್ತು. ರೈತರ ಹೆಸರು, ಊರು, ಸರ್ವೆ ನಂಬರು, ಜಮೀನು ತುಂಬಿದರೆ ಯಾರಿಗೆ ಯಾವ ಬೀಜ ಎಷ್ಟು ಚೀಲ ಎಂಬ ಚೀಟಿ ಅಚ್ಚಾಗಿ ಹೊರಬರಬೇಕು. ನೀರಾವರಿಯ ಗದ್ದೆ, ಅಂದರೆ ತರಿ ಇದ್ದವರಿಗೆ ಭತ್ತ. ಮಳೆ ನೆಚ್ಚಿದ ಹೊಲ, ಅಂದರೆ ಖುಷ್ಕಿ ಇದ್ದವರಿಗೆ ಮೆಕ್ಕೆಜೋಳ. ರೋಹಿಣಿ ಮಳೆ ಹುಟ್ಟುವುದರೊಳಗೆ ಎಲ್ಲಾ ತಯಾರಾಗಬೇಕು. ಇದು ಚೆನ್ನಾಗಿ ನಡೆದರೆ ಉಳಿದ ಶಾಖೆಗಳ ಕೆಲಸವೂ ನನಗೇ ಎಂದಿದ್ದರು.

ಬಸವಣ್ಯಪ್ಪನವರು ಆನವಟ್ಟಿ ಶಾಖೆಯ ಗುಮಾಸ್ತರು. ತೊಗರ್ಸಿಯವರು, ವಯಸ್ಸು ಐವತ್ತು ದಾಟಿತ್ತು, ಉಬ್ಬಸದ ಕಾಯಿಲೆ ಇತ್ತು. ಅವರನ್ನು ಕಂಪ್ಯೂಟರಿಗೆ ಕೂರಿಸುವಾಗ ಕಾರ್ಯದರ್ಶಿಗಳು ಒಂದು ಮಾತು ಹೇಳಿದ್ದರು: ಈ ಮುಂಗಾರಿನಲ್ಲಿ ಇದು ಬಂದರೆ ಸರಿ, ಬಾರದಿದ್ದರೆ ಗೋದಾಮಿನ ಕೆಲಸಕ್ಕೆ ಹಾಕುತ್ತೇನೆ. ಬೀಜದ ಪುಡಿ, ಚೀಲದ ಧೂಳು ಇರುವ ಕಡೆ ಉಬ್ಬಸದ ಮನುಷ್ಯನನ್ನು ಹಾಕುವುದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಅವರಿಗಂತೂ ಗೊತ್ತೇ ಇತ್ತು. ಮೌಸನ್ನು ಅವರು ಹಿಡಿಯುತ್ತಿರಲಿಲ್ಲ, ಬೊಗಸೆಯಲ್ಲಿ ಮುಚ್ಚುತ್ತಿದ್ದರು. ಶಿಕಾರಿಪುರದ ಕಂಪ್ಯೂಟರಿಗೆ ಕುಳಿತವರು ವಿಮಲಕ್ಕ, ಚುರುಕಿನ ಹೆಂಗಸು, ಎರಡೇ ದಿನಕ್ಕೆ ಕಲಿತರು. ಆದರೆ ಇಬ್ಬರದೂ ಒಂದೇ ತಕರಾರು: ಪರದೆಯ ಮೇಲೆ ಹೆಸರು, ಊರು, ಜಮೀನು ತುಂಬುವ ಬಾಕ್ಸುಗಳು ಇರಬೇಕಾದ ಜಾಗದಲ್ಲಿಲ್ಲ.

ವಿಮಲಕ್ಕನ ರಿಜಿಸ್ಟರಿನಲ್ಲಿ ಮೊದಲು ಊರು, ಆಮೇಲೆ ಹೆಸರು, ಆಮೇಲೆ ಖುಷ್ಕಿ, ಕೊನೆಗೆ ತರಿ. ಶಿಕಾರಿಪುರದ ಕಡೆ ಹೊಲವೇ ಹೆಚ್ಚು, ಹಾಗಾಗಿ ಖುಷ್ಕಿಗೆ ಮುಂದಿನ ಸ್ಥಾನ. ಬಸವಣ್ಯಪ್ಪನವರದು ಆನವಟ್ಟಿಯ ಸುತ್ತಿನ ಸೊರಬ ಸೀಮೆಯ ಗದ್ದೆಗಳ ರಿಜಿಸ್ಟರು. ಅಲ್ಲಿ ಹೆಸರು ಮೊದಲು, ತರಿ ಎಡಕ್ಕೆ, ಖುಷ್ಕಿ ಬಲಕ್ಕೆ, ಸರ್ವೆ ನಂಬರು ಎಲ್ಲಕ್ಕಿಂತ ಕೊನೆಗೆ. ಇಪ್ಪತ್ತು ವರ್ಷದಿಂದ ತಾವೇ ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಂಡು ಬಂದ ಕಾಲಂಗಳವು. ನಾನು ವಿಮಲಕ್ಕನಿಗೆ ಒಪ್ಪುವಂತೆ ಬಾಕ್ಸುಗಳನ್ನು ಜೋಡಿಸಿ, ಫ್ಲಾಪಿಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಧೂಳು ಕುಡಿಯುತ್ತಾ ಬಸ್ಸಿನಲ್ಲಿ ಆನವಟ್ಟಿಗೆ ಹೋದರೆ ಬಸವಣ್ಯಪ್ಪನವರು ಕನ್ನಡಕ ಹಣೆಗೇರಿಸಿ, ‘ಕೈ ಎಡಕ್ಕ ಹೋಗತೈತಿ ತಂಗಿ, ಕಾಲಂ ಬಲಕ್ಕ ಐತಿ’ ಎನ್ನುತ್ತಿದ್ದರು. ಅವರಿಗೆ ಒಪ್ಪುವಂತೆ ಬದಲಾಯಿಸಿ ತಂದರೆ ವಿಮಲಕ್ಕ ಮುಖ ಊದಿಸುತ್ತಿದ್ದರು. ನಡುವೆ ಕಾರ್ಯದರ್ಶಿಗಳಿಗೆ ಸಂಘದ ಹೆಸರು ಮೇಲೆ ದೊಡ್ಡದಾಗಿ ಬೇಕು, ಅದಕ್ಕೆ ಎಲ್ಲವೂ ಎರಡು ಬೆರಳು ಕೆಳಗೆ ಜರುಗಬೇಕು. ಒಂದು ಸಲ ಬಿಸಿಲಿಗೆ ಫ್ಲಾಪಿಯೇ ಕೆಟ್ಟು, ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದೆ. ಇಬ್ಬರಿಗೂ ಬೇರೆ ಬೇರೆ ಮಾಡಿ ಕೊಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೊಟ್ಟೆ. ಕೊಟ್ಟ ಮೇಲೆ ಒಂದರಲ್ಲಿ ತಿದ್ದಿದ್ದನ್ನು ಇನ್ನೊಂದರಲ್ಲಿ ತಿದ್ದಲು ಮರೆತು, ಎರಡೂ ಕಡೆಯಿಂದ ಬೈಸಿಕೊಂಡೆ.

ಐದನೇ ಸಲ ಆನವಟ್ಟಿಯಿಂದ ಬರುವಾಗ ನನಗೆ ಸಾಕೋ ಸಾಕಾಗಿತ್ತು. ಬಾಕ್ಸುಗಳನ್ನು ಎಲ್ಲಿ ಬೇಕೋ ಅಲ್ಲಿ ಅವರೇ ಇಟ್ಟುಕೊಂಡು ಸಾಯಲಿ ಎಂದುಕೊಂಡೆ. ಆ ಸಿಟ್ಟೇ ಉಪಾಯವಾಯಿತು. ಪರದೆಯ ಮೇಲಿನ ಬಾಕ್ಸನ್ನು ಬಳಸುವವರೇ ಮೌಸಿನಿಂದ ಎಳೆದು ಸರಿಸುವಂತೆ, ಅಂಚು ಹಿಡಿದು ದೊಡ್ಡದು ಚಿಕ್ಕದು ಮಾಡುವಂತೆ ಪ್ರೋಗ್ರಾಂ ಬರೆದುಬಿಟ್ಟರೆ ನನ್ನ ಬಸ್ ಪ್ರಯಾಣ ಉಳಿಯುತ್ತದೆ. ಎರಡು ದಿನದ ಕೆಲಸ ಎಂದುಕೊಂಡೆ. ಎರಡು ವಾರ ಹಿಡಿಯಿತು.

ಮೊದಲನೆಯದಾಗಿ ಬಾಕ್ಸು ನೆಗೆಯುತ್ತಿತ್ತು. ಮಧ್ಯದಲ್ಲಿ ಹಿಡಿದು ಎಳೆದರೆ, ಅದರ ಎಡ ಮೂಲೆ ಕಪ್ಪೆಯ ಹಾಗೆ ಹಾರಿ ಮೌಸಿನ ಕೆಳಗೆ ಬಂದು ಕೂರುತ್ತಿತ್ತು. ಬಾಕ್ಸಿನ ಯಾವ ಭಾಗದಲ್ಲಿ ಒತ್ತಿದರು ಎಂಬುದನ್ನು ಮೊದಲು ನೆನಪಿಟ್ಟುಕೊಂಡು, ಎಳೆಯುವಾಗ ಅಷ್ಟನ್ನು ಕಳೆಯಬೇಕು ಎಂಬುದು ಹೊಳೆಯಲು ನನಗೆ ಮೂರು ದಿನ ಬೇಕಾಯಿತು. ಎರಡನೆಯದು, ಬರೆಯಲು ಒತ್ತಿದರೂ ಬಾಕ್ಸು ಸರಿಯುತ್ತಿತ್ತು. ಅದಕ್ಕೆ ‘ಸರಿಸು’ ಎಂಬ ಒಂದು ಗುಂಡಿ ಇಟ್ಟು, ಅದನ್ನು ಒತ್ತಿದಾಗ ಮಾತ್ರ ಬಾಕ್ಸುಗಳು ಜರುಗುವಂತೆ, ಇನ್ನೊಮ್ಮೆ ಒತ್ತಿದರೆ ಗಟ್ಟಿಯಾಗಿ ನಿಲ್ಲುವಂತೆ ಮಾಡಿದೆ. ಮೂರನೆಯ ತಲೆನೋವು ಚಿಕ್ಕದು ಮಾಡುವುದು. ಅಂಚು ಹಿಡಿದು ಒಳಗೆ ತಳ್ಳುತ್ತಾ ಹೋದರೆ ಬಾಕ್ಸು ಗೆರೆಯಾಗಿ, ಗೆರೆ ಚುಕ್ಕೆಯಾಗಿ, ಕೊನೆಗೆ ಮಾಯ. ಇಷ್ಟಕ್ಕಿಂತ ಕುಗ್ಗಬಾರದು ಎಂದು ಕಟ್ಟು ಹಾಕಿದೆ. ಯಾರು ಎಲ್ಲಿಟ್ಟರು ಎಂಬುದನ್ನು ಒಂದು ಸಣ್ಣ ಫೈಲಿನಲ್ಲಿ ಬರೆದಿಟ್ಟು, ಮರುದಿನ ತೆರೆದಾಗ ಹಾಗೇ ಕಾಣುವಂತೆ ಮಾಡಿದೆ. ಎಲ್ಲಾ ಮುಗಿದ ಮೇಲೆ ಒಂದು ಬಾಕ್ಸನ್ನು ಈ ತುದಿಯಿಂದ ಆ ತುದಿಗೆ ಎಳೆದು ನೋಡಿದೆ. ನಿಜ ಹೇಳುತ್ತೇನೆ, ಅಷ್ಟು ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಒಂದನ್ನು ಮಾತ್ರ ಬಿಟ್ಟೆ. ಪ್ರತಿ ಬಾಕ್ಸಿನ ಪಕ್ಕ ಅದರ ಹೆಸರಿತ್ತು: ‘ತರಿ’, ‘ಖುಷ್ಕಿ’, ‘ಊರು’. ಹೆಸರು ಬೇರೆ, ಬಾಕ್ಸು ಬೇರೆ. ಎರಡನ್ನೂ ಬೇರೆ ಬೇರೆಯಾಗಿಯೇ ಎಳೆಯಬೇಕಿತ್ತು. ಒಂದಕ್ಕೊಂದು ಕಟ್ಟಿದ್ದರೆ ಚೆನ್ನ ಎಂದು ಗೊತ್ತಿತ್ತು. ಆದರೆ ನನಗೆ ಸಾಕಾಗಿತ್ತು. ಬಾಕ್ಸನ್ನು ಸರಿಸಿದವರು ಹೆಸರನ್ನು ಸರಿಸುವುದಿಲ್ಲವೇ, ಅಷ್ಟೂ ಬುದ್ಧಿ ಇರುವುದಿಲ್ಲವೇ ಎಂದುಕೊಂಡೆ.

ಕೊಟ್ಟ ಮೊದಲ ದಿನ ಕಾರ್ಯದರ್ಶಿಗಳು ತಾವೂ ನೋಡುತ್ತೇನೆಂದು ಕುಳಿತು ‘ಉಳಿಸು’ ಗುಂಡಿಯನ್ನು ಪರದೆಯ ಅಂಚಿನಾಚೆ ಎಳೆದುಬಿಟ್ಟರು. ಅದು ಮತ್ತೆ ಕಾಣಲಿಲ್ಲ. ಕಂಪ್ಯೂಟರಿನ ಹಿಂದೆ ಬಿದ್ದಿದೆಯೇನೋ ಎಂಬಂತೆ ಅತ್ತ ಇತ್ತ ನೋಡಿದರು. ವಿಮಲಕ್ಕ ಊರಿನ ಬಾಕ್ಸನ್ನು ಅಂಗೈ ಅಗಲ ಮಾಡಿ, ಉಳಿದದ್ದನ್ನು ಸುತ್ತ ಒಪ್ಪವಾಗಿ ಜೋಡಿಸಿಕೊಂಡರು. ಬಸವಣ್ಯಪ್ಪನವರಿಗೆ ನಾನು ಅರ್ಧ ಗಂಟೆ ತೋರಿಸಿಕೊಟ್ಟೆ. ಉಸಿರು ಬಿಗಿಹಿಡಿದು ಒಂದು ಬಾಕ್ಸನ್ನು ಎಡಕ್ಕೆ ಎಳೆದು ಕೂರಿಸಿ, ಉಸಿರು ಬಿಟ್ಟು, ನನ್ನ ಮುಖ ನೋಡಿದರು. ‘ಈಗ ನನ್ನ ಪುಸ್ತಕ ಆತು ನೋಡು’ ಅಂದರು. ಆ ವಾರದಿಂದ ಅವರ ಕೈ ಓಡತೊಡಗಿತು. ದಿನಕ್ಕೆ ಹತ್ತು ರೈತರ ಹೆಸರು ತುಂಬುತ್ತಿದ್ದವರು ನಲವತ್ತು ತುಂಬಿದರು. ನಾನು ಆನವಟ್ಟಿಗೆ ಹೋಗುವುದನ್ನೇ ಬಿಟ್ಟೆ. ಅವರು ಪರದೆಯನ್ನು ಹೇಗೆ ಜೋಡಿಸಿಕೊಂಡಿದ್ದಾರೆ ಎಂದು ಮತ್ತೆ ನೋಡಲೂ ಇಲ್ಲ.

ನೋಡಬೇಕಿತ್ತು. ಅವರ ರಿಜಿಸ್ಟರಿನಲ್ಲಿ ತಲೆಬರಹ ಇರುತ್ತಿದ್ದುದು ಮೊದಲ ಪುಟದಲ್ಲಿ ಮಾತ್ರ. ಎರಡನೇ ಪುಟದಿಂದ ಬರೀ ಗೆರೆ. ಯಾವ ಕಾಲಂ ಯಾವುದು ಎಂದು ಪ್ರತಿ ಪುಟದಲ್ಲೂ ಬರೆಯುವವನು ಗುಮಾಸ್ತನೇ ಅಲ್ಲ ಎಂಬುದು ಅವರು ಕಲಿತ ಕಾಲದ ಪದ್ಧತಿ. ಪರದೆಯ ಮೇಲೂ ಹಾಗೇ ಮಾಡಿದ್ದರು. ಬಾಕ್ಸುಗಳನ್ನು ತಮ್ಮ ಕ್ರಮದಲ್ಲಿ ಇಟ್ಟುಕೊಂಡು, ಹೆಸರುಗಳನ್ನೆಲ್ಲ ಕಸ ಗುಡಿಸಿದಂತೆ ಕೆಳಗಿನ ಮೂಲೆಗೆ ಒಂದರ ಮೇಲೊಂದು ಒಟ್ಟಿದ್ದರು. ಅವರಿಗೆ ಅವು ಬೇಕಿರಲಿಲ್ಲ.

ನೋಂದಣಿಯ ಕೊನೆಯ ನಾಲ್ಕು ದಿನ ಅವರು ಅಣ್ಣನ ಮಗಳ ಮದುವೆಗೆ ಉಡುತಡಿಗೆ ಹೋದರು. ಅವರ ಜಾಗಕ್ಕೆ ವಿಮಲಕ್ಕನನ್ನು ಆನವಟ್ಟಿಗೆ ಕಳಿಸಿದರು. ಮೊದಲ ದಿನವೇ ವಿಮಲಕ್ಕ ಟೆಲಿಫೋನ್ ಬೂತಿನಿಂದ ನನಗೆ ಫೋನು ಮಾಡಿದರು. ಇಲ್ಲಿ ಬಾಕ್ಸಿಗೆ ಹೆಸರೇ ಇಲ್ಲ, ಜಮೀನಿನ ಬಾಕ್ಸು ಎರಡಿವೆ, ಯಾವುದು ಖುಷ್ಕಿ ಯಾವುದು ತರಿ ಎಂದು ಕೇಳಿದರು. ನಾನು ಆ ಹೊತ್ತಿಗೆ ಬೇರೆ ಯಾರದೋ ಮದುವೆ ಪತ್ರಿಕೆಯ ಅಚ್ಚಿನ ಕೆಲಸದಲ್ಲಿದ್ದೆ. ಮತ್ತೆ ಈ ಬಾಕ್ಸುಗಳ ಪುರಾಣ ಶುರುವಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ‘ಎರಡು ಕಡೇನೂ ಪ್ರೋಗ್ರಾಂ ಒಂದೇ ವಿಮಲಕ್ಕ. ನಿಮ್ಮಲ್ಲಿ ಹೆಂಗಿದೆಯೋ ಹಂಗೇ ಹಾಕ್ಕೊಂಡು ಹೋಗಿ’ ಎಂದು ಹೇಳಿ ಫೋನು ಇಟ್ಟೆ. ವಿಮಲಕ್ಕ ನಾಲ್ಕು ದಿನ ಖುಷ್ಕಿ ಎಡಕ್ಕೆ, ತರಿ ಬಲಕ್ಕೆ ಎಂದು ತುಂಬಿದರು.

ರೋಹಿಣಿ ಮಳೆ ಆ ವರ್ಷ ಹೇಳಿ ಕಳಿಸಿದಂತೆ ಬಂತು. ಚೀಟಿ ಹಂಚುವ ದಿನ ನಾನೂ ಆನವಟ್ಟಿಗೆ ಹೋಗಿದ್ದೆ, ನನ್ನ ಕೆಲಸವನ್ನು ನಾಲ್ಕು ಜನ ಹೊಗಳುವುದನ್ನು ಕೇಳುವ ಆಸೆಯಿಂದ. ಶಾಖೆಯ ಜಗಲಿಯಲ್ಲಿ ಛತ್ರಿ, ಕಂಬಳಿಕೊಪ್ಪೆ, ಪ್ಲಾಸ್ಟಿಕ್ ಹಾಳೆ ಹೊದ್ದ ಜನ ಕಿಕ್ಕಿರಿದಿದ್ದರು. ಪ್ರಿಂಟರು ಕಿರ್ ಎಂದು ಚೀಟಿ ಉಗುಳುತ್ತಿತ್ತು. ಮೊದಲು ಎಲ್ಲಾ ಸರಿಯೇ ಇತ್ತು. ಆಮೇಲೆ ಒಬ್ಬ ಹಿರಿಯರು ಚೀಟಿಯನ್ನು ಓದಿಸಿಕೊಂಡು ತಿರುಗಿ ಬಂದು ಬಸವಣ್ಯಪ್ಪನವರ ಮೇಜಿನ ಮೇಲಿಟ್ಟರು.

‘ಗದ್ದೇಲಿ ಮೊಣಕಾಲುದ್ದ ನೀರು ನಿಂತೈತೆ ಗುಮಾಸ್ತರೆ. ಅದ್ರಲ್ಲಿ ಮೆಕ್ಕೆಜೋಳ ಹಾಕಿ ಮೀನಿಗೆ ಮೇಯ್ಸನಾ?’

ಜಗಲಿಯೆಲ್ಲ ನಕ್ಕಿತು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಬಂದ ಮೇಲೆ ನಗು ನಿಂತಿತು. ಆ ನಾಲ್ಕು ದಿನದಲ್ಲಿ ವಿಮಲಕ್ಕ ತುಂಬಿದ್ದ ಅಷ್ಟೂ ಗದ್ದೆಯವರಿಗೆ ಭತ್ತದ ಬದಲು ಮೆಕ್ಕೆಜೋಳ ಬರೆದಿತ್ತು. ಆ ಲೆಕ್ಕ ನಂಬಿಕೊಂಡು ಭತ್ತದ ಬೀಜದಲ್ಲಿ ಒಂದು ಲಾರಿಯಷ್ಟನ್ನು ಹಿಂದಿನ ದಿನವೇ ಶಿಕಾರಿಪುರಕ್ಕೆ ಸಾಗಿಸಿಯಾಗಿತ್ತು. ಸಸಿಮಡಿಗೆ ಬೀಜ ಚೆಲ್ಲಿ ಅಗೆ ಹಾಕಲು ಹದ ಬಂದ ಹೊತ್ತಿನಲ್ಲಿ, ಬೀಜಕ್ಕೆ ಬಂದವರು ಬರಿಗೈಯಲ್ಲಿ ನಿಂತರು. ಬೈಗುಳ ಶುರುವಾಯಿತು. ಬಸವಣ್ಯಪ್ಪನವರು ಕಂಪ್ಯೂಟರನ್ನು ಬಿಟ್ಟು ರಿಜಿಸ್ಟರು ಬಿಚ್ಚಿ, ಒಬ್ಬೊಬ್ಬರ ಗದ್ದೆ ಕೇಳಿ ಕೇಳಿ ಕೈಯಲ್ಲೇ ಚೀಟಿ ಬರೆಯತೊಡಗಿದರು. ಲಾರಿ ಮರುದಿನ ವಾಪಸು ಬಂತು. ಕೆಲವರು ಎರಡು ಸಲ ಬಂದು ಹೋದರು, ಕೆಲವರು ಬೇಸತ್ತು ಬೇರೆ ಕಡೆಯಿಂದ ಬೀಜ ತಂದರು.

ಅವತ್ತು ಮಧ್ಯಾಹ್ನವೇ ಕಾರ್ಯದರ್ಶಿಗಳು ಶಿಕಾರಿಪುರದಿಂದ ವಿಮಲಕ್ಕನನ್ನೂ ಕರೆದುಕೊಂಡು ಬಂದು ನಮ್ಮನ್ನೆಲ್ಲ ಒಳಗೆ ಕರೆದರು. ಪರದೆ ನೋಡಿದರು. ಮೂಲೆಯಲ್ಲಿ ರಾಶಿ ಬಿದ್ದಿದ್ದ ಹೆಸರುಗಳನ್ನು ನೋಡಿದರು. ಇವನ್ನು ಇಲ್ಲಿ ಗುಡ್ಡೆ ಹಾಕಿದವರು ಯಾರು ಎಂದು ಕೇಳಿದರು. ವಿಮಲಕ್ಕ ನನ್ನ ಕಡೆ ನೋಡಿದರು. ಫೋನಿನ ವಿಷಯ ನಾನೇ ಹೇಳಲಿ ಎಂಬ ನೋಟ ಅದು, ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಹೆಸರು ಮತ್ತು ಬಾಕ್ಸನ್ನು ಕಟ್ಟದೆ ಬಿಟ್ಟವಳು ನಾನು, ನೋಡದೆ ಉತ್ತರ ಕೊಟ್ಟವಳು ನಾನು. ಬಾಯಿ ಬಿಟ್ಟರೆ ಉಳಿದ ಶಾಖೆಗಳ ಕೆಲಸ ಹೋಗುತ್ತದೆ, ಮಾವನ ಎದುರು ಮಾನ ಹೋಗುತ್ತದೆ. ಅಷ್ಟೇ ಅಲ್ಲ, ಆ ಮನುಷ್ಯನ ಮೇಲೆ ನನಗೆ ಸಿಟ್ಟೂ ಇತ್ತು. ಹೆಸರು ಅಲ್ಲೇ ಇದ್ದರೆ ಇವರ ಗಂಟೇನು ಹೋಗುತ್ತಿತ್ತು? ನಾನು ನೆಲ ನೋಡಿದೆ.

‘ತಪ್ಪು ನಂದೇ ಸರ’ ಅಂದರು ಬಸವಣ್ಯಪ್ಪ. ‘ತಲೆಬರಹ ನಾ ತಗದಿಟ್ಟೆ.’

ಮುಂದಿನ ಸೋಮವಾರದಿಂದ ಗೋದಾಮಿಗೆ ಹೋಗಿ ಎಂದು ಕಾರ್ಯದರ್ಶಿಗಳು ಅಲ್ಲೇ ಹೇಳಿದರು. ಅವರು ತಲೆಯಾಡಿಸಿ ಹೊರಗೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಚೀಟಿ ಬರೆಯುವುದನ್ನು ಮುಂದುವರಿಸಿದರು. ಸಂಜೆ ನಾನು ಬಸ್ಸಿನಲ್ಲಿ ಕುಳಿತಿದ್ದಾಗ ಅವರು ಸ್ಟ್ಯಾಂಡಿಗೆ ಬಂದರು. ತೊಗರ್ಸಿಯ ಬಸ್ಸು ಆಚೆ ನಿಂತಿತ್ತು, ಅದನ್ನು ಹತ್ತಲಿಲ್ಲ. ನನ್ನ ಕಿಟಕಿಯ ಕೆಳಗೆ ಛತ್ರಿ ಹಿಡಿದು ಸುಮ್ಮನೆ ನಿಂತರು. ಇನ್ನೇನು ಬೇಕಪ್ಪಾ ಇವರಿಗೆ ಎಂದು ನಾನು ಮುಖ ಆ ಕಡೆ ತಿರುಗಿಸಿದೆ. ಬಸ್ಸು ಹೊರಟಿತು.

ಆ ವಾರ ಹೆಸರನ್ನು ಬಾಕ್ಸಿಗೆ ಕಟ್ಟಿದೆ. ಬಾಕ್ಸು ಎಳೆದರೆ ಹೆಸರೂ ಜೊತೆಗೆ ಬರುತ್ತದೆ, ಬಿಡಿಸಲು ಬರುವುದಿಲ್ಲ. ಒಂದು ಮಧ್ಯಾಹ್ನದ ಕೆಲಸ ಅದು. ಊಟ ಮಾಡಿ ಕುಳಿತವಳು ಚಹಾದ ಹೊತ್ತಿಗೆ ಮುಗಿಸಿದ್ದೆ. ಉಳಿದ ಶಾಖೆಗಳ ಕೆಲಸ ನನಗೇ ಸಿಕ್ಕಿತು, ಎಲ್ಲರೂ ಹೊಗಳಿದರು. ಆನವಟ್ಟಿ ಶಾಖೆಗೆ ಹೋಗುವ ಕೆಲಸ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡೆ.

ಇಷ್ಟೆಲ್ಲ ನೆನೆಯುತ್ತಾ ಆ ಚೀಲದ ಮೇಲೆ ಕುಳಿತಿದ್ದಾಗ ನನ್ನ ಬಸ್ಸು ಎರಡನೇ ಸಲವೂ ತಪ್ಪಿತು. ಬಸವಣ್ಯಪ್ಪನವರು ಇದ್ದಾರೆಯೇ ಎಂದು ಕೇಳಿದೆ. ಇದ್ದಾರೆ, ಊರಲ್ಲೇ, ಮಗನ ಜೊತೆ ಎಂದರು. ತೊಗರ್ಸಿಯ ಬಸ್ಸು ಹತ್ತಿದೆ.

ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಮೊಮ್ಮಗಳ ಶಾಲೆಯ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದರು. ಎಂಬತ್ತರ ಹತ್ತಿರ. ಎರಡು ಮಾತಿಗೊಮ್ಮೆ ಎದೆಯಲ್ಲಿ ಸಿಳ್ಳೆ ಹೊಡೆದಂಥ ಸದ್ದು. ಗುರುತು ಹಿಡಿದರು. ‘ಕಂಪ್ಯೂಟರ್ ತಂಗಿ ಅಲ್ಲೇನವ್ವ?’ ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ನಾನು ಕೂರಲಿಲ್ಲ. ನಿಂತೇ ಎಲ್ಲಾ ಹೇಳಿದೆ, ಹೆಸರನ್ನು ಕಟ್ಟದೆ ಬಿಟ್ಟದ್ದು, ಫೋನಿನಲ್ಲಿ ಹೇಳಿದ್ದು. ಹೇಳಿ ಮುಗಿಯುವ ತನಕ ಅವರು ಕಾಗದದ ಅಂಚು ಮಡಚುತ್ತಲೇ ಇದ್ದರು.

‘ಫೋನಿಂದು ವಿಮಲವ್ವ ಅವತ್ತೇ ಹೇಳಿದ್ಲು’ ಅಂದರು.

‘ಮತ್ತೆ ಯಾಕೆ ಸುಮ್ಮನಿದ್ರಿ?’

‘ನೀನ ಹೇಳ್ತಿ ಅಂತ ಕಾದೆ. ಬಸ್ಸು ಬಿಡೋ ತನಕ ಕಾದೆ.’

ಅವರು ಮಾಡಿಕೊಟ್ಟ ಜಾಗದಲ್ಲಿ ಕುಳಿತೆ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದನ್ನೇ ಅವರಿಗೂ ಹೇಳಿದೆ. ‘ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು.’

‘ನಂದು ಹೋತಲ್ಲವ್ವ’ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ರಿಜಿಸ್ಟರು ನೋಡಿ ಓದಿದಂತಿತ್ತು. ಆಮೇಲೆ ಕೆಮ್ಮು ಬಂತು. ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ ಸೊಸೆಯನ್ನು ಕೂಗಿ ಚಹಾಕ್ಕೆ ಹೇಳಿ, ಬೈಂಡು ಹಾಕಿದ ಪುಸ್ತಕ ತಿರುಗಿಸಿ, ಮೇಲೆ ಮೊಮ್ಮಗಳ ಹೆಸರು, ತರಗತಿ, ವಿಷಯ ಎಲ್ಲಾ ಬರೆದರು.

ಶಿಕಾರಿಪುರದ ಕೊನೆಯ ಬಸ್ಸು ಊರ ಮುಂದೆ ಬಂದು ಹಾರ್ನು ಹಾಕಿತು. ಅವರು ಹೋಗು ಅನ್ನಲಿಲ್ಲ. ನಾನು ಏಳಲಿಲ್ಲ.